ದಂಗುವೊಲೆಯ ಲೆಕ್ಕ

ಅಕ್ಟೋಬರಿನಿಂದ ಪರದೆ ಅದೇ ಮಾತು ಹೇಳುತ್ತಿತ್ತು:
ಈ ಯಂತ್ರಕ್ಕೆ ವಯಸ್ಸಾಗಿದೆ, ಇನ್ನು ಕಾವಲಿಲ್ಲ,
ಹೊಸದು ಕೊಳ್ಳಿ.
ನನ್ನ ಮೊಣಕಾಲಿನ ಡಾಕ್ಟರೂ ಇಷ್ಟು ಒರಟಲ್ಲ.

ಕ್ಲೈಪೆಡಾ ಬಂದರಿನ ಹಿಂದೆ, ನಾಲ್ಕನೇ ಮಹಡಿ.
ಕೆಳಗಿನ ಮನೆಯ ಐವರಾಸ್,
ಮೀಸೆ ಬರಲೋ ಬೇಡವೋ ಎನ್ನುತ್ತಿರುವ ಹುಡುಗ,
ಉಗುರಿನಷ್ಟು ಪೆನ್‌ಡ್ರೈವ್ ಹಿಡಿದು ಮೇಲೆ ಬಂದ.
'ಹೆಸರು?'
'ಲಿನಕ್ಸ್.'
ಕೆಮ್ಮಿನ ಔಷಧಿಯ ಹಾಗಿತ್ತು.
'ದುಡ್ಡೆಷ್ಟು?'
'ಇಲ್ಲ.'
'ಯಾರದು?'
'ಯಾರದೂ ಅಲ್ಲ. ಅಂದರೆ, ಎಲ್ಲರದೂ.'
ಎಲ್ಲರದೂ ಅಂದ ಕಾಲವೊಂದನ್ನು ನಾನು ಕಂಡವನು,
ಆಗ ಸಾಸೇಜಿಗೆ ನಿಂತ ಸಾಲು ಬೀದಿಯ ಮೂಲೆ ತಿರುಗುತ್ತಿತ್ತು.
ಅದನ್ನು ಅವನಿಗೆ ಹೇಳಲಿಲ್ಲ.
ಹೊಗೆಯಾಡಿಸಿದ ಮೀನು, ಕಪ್ಪು ಬ್ರೆಡ್ಡು ಮುಂದಿಟ್ಟೆ.
ಬಲಗೈಯಲ್ಲಿ ತಿನ್ನುತ್ತ ಎಡಗೈಯಲ್ಲಿ ಗುಂಡಿ ಒತ್ತಿದ.

ಪರದೆ ಕೇಳಿತು:
ಇಡೀ ಡಿಸ್ಕನ್ನು ಅಳಿಸಲೇ?

ಫೋಟೋಗಳನ್ನು ಆಗಲೇ ಎತ್ತಿಟ್ಟಿದ್ದೆವು,
ಪಿಂಚಣಿಯ ಕಾಗದ, ಹಲ್ಲಿನ ಬಿಲ್ಲು,
ಮೀನಿಗೆ ಹೊಗೆ ಕೊಡುವ ನನ್ನ ಅಳತೆಗಳು.
ಆದರೂ 'ತಡಿ' ಅಂದೆ.

ಹಳೆಯದನ್ನೇ ಮತ್ತೊಮ್ಮೆ ಎಬ್ಬಿಸಿ
ಒಂಟಿ ಇಸ್ಪೀಟಿನ ಆಟ ತೆರೆದೆ.
ದಂಗುವೊಲೆ ಆಡುತ್ತಿದ್ದದ್ದು.
ಮೂವತ್ತೊಂದು ವರ್ಷ ಕ್ರೇನಿನ ಗೂಡಿನಲ್ಲಿ ಕೂತು
ಕಂಟೇನರಿನ ಮೇಲೆ ಕಂಟೇನರು ಇಟ್ಟವಳು,
ರಾತ್ರಿಪಾಳಿ ಮುಗಿಸಿ ಬಂದು, ಕೋಟೂ ಬಿಚ್ಚದೆ,
ಕರಿಯ ಹತ್ತರ ಮೇಲೆ ಕೆಂಪು ಒಂಬತ್ತು ಇಡುತ್ತಿದ್ದಳು.
'ಇನ್ನೂ ಪೇರಿಸಿ ಮುಗಿಯಲಿಲ್ಲವಾ?' ಅಂದರೆ
'ಇವು ಬಿದ್ದರೆ ಯಾರೂ ಸಾಯೋದಿಲ್ಲ' ಅನ್ನುವಳು.

ಆಡಿದ್ದು: ನಾಲ್ಕು ಸಾವಿರದ ಮುನ್ನೂರ ಹನ್ನೆರಡು.
ಗೆದ್ದದ್ದು: ಆರುನೂರ ಹನ್ನೊಂದು.
ಕರೆಂಟು ಬಿಲ್ಲಿನ ಹಿಂದೆ ಬರೆದುಕೊಂಡೆ.
ಕೊನೆಯ ಆಟ ಅರ್ಧಕ್ಕೆ ನಿಂತಿತ್ತು,
ಆಂಬುಲೆನ್ಸ್ ಬಂದ ಸಂಜೆಯದು.
ಆಟಿನ್ ರಾಣಿ ಮುಖ ಮೇಲೆ ಮಾಡಿ ಕಾಯುತ್ತಿದ್ದಳು.
ನಾನು ಮುಟ್ಟಲಿಲ್ಲ. ನನಗೆ ಆಡಲು ಬರುವುದೂ ಇಲ್ಲ.

'ಅಳಿಸು' ಅಂದೆ.
ಇಪ್ಪತ್ತು ನಿಮಿಷ. ಅಷ್ಟರಲ್ಲಿ ಆಚೆ ಮರಳದಿಣ್ಣೆಗೆ
ದೋಣಿ ಒಮ್ಮೆ ಹೋಗಿ ಬಂತು.

ಮೊದಲ ದಿನ ವೈಫೈ ಮುನಿಸಿಕೊಂಡಿತು.
ಐವರಾಸ್ ಕೆಳಗಿನ ಬಾಲ್ಕನಿಯಿಂದ ನನ್ನದಕ್ಕೆ
ಹಳದಿ ಕೇಬಲ್ಲೊಂದನ್ನು ಎಳೆದ,
ಒಣಹಾಕಿದ ಕಾಲುಚೀಲಗಳ ನಡುವೆ.
ಎರಡನೇ ದಿನ ಪ್ರಿಂಟರು,
ಆರು ವರ್ಷ ಹೆಣದಂತೆ ಬಿದ್ದಿದ್ದ ಅದು,
ಒಮ್ಮೆ ಗೊರಕೆ ಹೊಡೆದು ಒಂದು ಹಾಳೆ ಕಾರಿತು.
ಮೆನುವೆಲ್ಲ ನಮ್ಮ ಲಿಥುವೇನಿಯನ್ನು;
ಒಂದು ಪದದಲ್ಲಿ ಮಾತ್ರ ಅಕ್ಷರದ ಬಾಲ ಬಿಟ್ಟುಹೋಗಿತ್ತು.
'ಬರೆದು ಹೇಳಿ, ತಿದ್ದುತ್ತಾರೆ' ಅಂದ.
'ಯಾರು?'
'ಕೌನಸ್‌ನಲ್ಲಿ ಯಾರೋ ಒಬ್ಬರು ಟೀಚರ್.
ರಾತ್ರಿ ಹೊತ್ತು, ಮಕ್ಕಳು ಮಲಗಿದ ಮೇಲೆ.'

ಇಸ್ಪೀಟು ಇಲ್ಲಿಯೂ ಇತ್ತು.
ಆಡಿದ್ದು: ಸೊನ್ನೆ. ಗೆದ್ದದ್ದು: ಸೊನ್ನೆ.
ಬಿಲ್ಲನ್ನು ಬೋರಲು ಹಾಕಿಕೊಂಡು ಕೂತೆ.

ಹುಡುಗ ಏನೂ ಕೇಳಲಿಲ್ಲ.
ಚುಕ್ಕಿಯಿಂದ ಹೆಸರು ಶುರುವಾಗುವ,
ಮರೆಯಲ್ಲಿರುವ ಕಡತವೊಂದನ್ನು ತೆರೆದ.
ಬೀಗವಿಲ್ಲ, ಮುದ್ರೆಯಿಲ್ಲ.
ಬರೀ ಅಕ್ಷರ, ಬರೀ ಅಂಕಿ,
ದಿನಸಿ ಚೀಟಿಯ ಹಾಗೆ.
'ಇಲ್ಲಿ ಬರೆಯಿರಿ. ಯಾರೂ ತಡೆಯೋದಿಲ್ಲ.'

ಒಂದೇ ಬೆರಳಲ್ಲಿ ಕುಟ್ಟಿದೆ.
ಆಡಿದ್ದು: ನಾಲ್ಕು, ಮೂರು, ಒಂದು, ಮೂರು.
ಆ ಸಂಜೆಯದನ್ನೂ ಸೇರಿಸಿ.
ಗೆದ್ದದ್ದು: ಆರು, ಒಂದು
ಅಲ್ಲಿ ಬೆರಳು ನಿಂತಿತು.
ಬಂದರಿನ ದಿನಚರಿಯಲ್ಲಿ, ಮೂವತ್ತೊಂದು ವರ್ಷ,
ಒಂದು ಪೆಟ್ಟಿಗೆಯನ್ನೂ ಹೆಚ್ಚಿಗೆ ಬರೆದವಳಲ್ಲ.
ಬೈಯುತ್ತಾಳೆ.
ಬೈಯಲಿ.

ಎರಡು.

ಉಳಿಸು.