ಎಡಕ್ಕೆ ಎಳೆಯುವ ಗಾಡಿ

ಕಾರ್ತಿಕ ಕಳೆದ ವಾರ ಹಗ್ಗ ಕಟ್ಟಿ ಎಳೆಸಿಕೊಂಡು ಬಂದೆ.
ಗುಜರಿಯವನು ತೂಕದ ಲೆಕ್ಕ ಹೇಳಿದ,
ನಾನು ಎಂಜಿನ್ನಿನ ಲೆಕ್ಕ ಹೇಳಿದೆ,
ನಡುವೆ ಎಲ್ಲೋ ಮೂವತ್ತೆರಡು ಸಾವಿರಕ್ಕೆ ಒಪ್ಪಿದೆವು.
ಹದಿನೆಂಟು ವರ್ಷದ ಡೀಸೆಲ್ ಇಂಡಿಕಾ, ಹಳದಿ ಬೋರ್ಡು,
ಬಾಗಿಲ ಮೇಲೆ ಕೆರೆದು ತೆಗೆದ ಟ್ರಾವೆಲ್ಸ್ ಹೆಸರಿನ ನೆರಳು.

ಡಿಪೋದಲ್ಲಿ ದಿನಾ ಬಸ್ಸಿನ ಹೊಟ್ಟೆಯ ಕೆಳಗಿರುವವಳು ನಾನು.
ಆರು ಸಿಲಿಂಡರಿನ ಸಿಟ್ಟು ಗೊತ್ತು,
ನಾಲ್ಕರ ಸಣ್ಣ ಕೆಮ್ಮು ಹೊಸದು.
ಬಾಪೂಜಿನಗರದ ಅಡ್ಡರಸ್ತೆ, ಹೊಂಗೆಯಡಿ, ನಾಲ್ಕು ಕಲ್ಲಿನ ಮೇಲೆ ಗಾಡಿ.
ರಾತ್ರಿ ಸ್ಪ್ಯಾನರ್ ಹಿಡಿದರೆ ಕಬ್ಬಿಣವೇ ಕೈ ಕಚ್ಚುತ್ತಿತ್ತು.

ಅಮ್ಮ ಜಗಲಿಯಲ್ಲಿ ಅವರೆ ಹಿತುಕುತ್ತಾಳೆ.
ಬೆರಳ ತುದಿಯ ಒಂದು ಒತ್ತು, ಬೇಳೆ ಹಾರಿ ಬೋಗುಣಿಗೆ.
ನಾನೂ ಹಾಗೇ ವಾಲ್ವಿನ ಸ್ಪ್ರಿಂಗು ಒತ್ತಿದರೆ
ಲಾಕು ಚಿಮ್ಮಿ ಚರಂಡಿಗೆ.
"ನನ್ನ ಬೇಸಿನ್ನು ಯಾಕೆ ಮುಟ್ಟಿದೆ?"
ಪಿಸ್ಟನ್ನುಗಳು ಅದರಲ್ಲಿ ಸೀಮೆಎಣ್ಣೆ ಕುಡಿಯುತ್ತಿದ್ದವು.
ಮೂರು ದಿನ ಉಪ್ಪಿಟ್ಟಿನಲ್ಲಿ ಪೆಟ್ರೋಲ್ ಬಂಕು ಎಂದು ದೂರು.
ಸೊಗಡಮ್ಮಾ, ಸೊಗಡು ಎಂದೆ.

ಟರ್ಬೊ ಕೂರಿಸುವ ಹುಚ್ಚು ಹಿಡಿದದ್ದು ಆಗಲೇ.
ಸೆಲ್ವರಾಜ್ ವೆಲ್ಡಿಂಗ್ ಕನ್ನಡಕ ಹಣೆಗೇರಿಸಿ,
"ಬೇಡಕ್ಕಾ, ತಾನೇ ಉಸಿರು ಎಳ್ಕೊಂಡು ಬದುಕಿರೋ ಗಾಡಿ,
ಬಾಯಿಗೆ ಫ್ಯಾನ್ ಕಟ್ಟಿದ್ರೆ ಎದೆ ಒಡೀತದೆ."
ಕೇಳಲಿಲ್ಲ. ಜೆ.ಸಿ. ರಸ್ತೆಯಿಂದ ತಂದೇಬಿಟ್ಟೆ,
ಬಸವನಹುಳದ ಹಾಗೆ ಸುತ್ತಿಕೊಂಡದ್ದನ್ನು.
ಕುಂಕುಮ ಹಚ್ಚಿ ಕೂರಿಸಿದೆ.
ನಾಯಂಡಹಳ್ಳಿ ಸಿಗ್ನಲ್ ದಾಟಿ ಒಂದು ಕಿಲೋಮೀಟರು ಹದ್ದು.
ಆಮೇಲೆ ಬಿಳಿ ಹೊಗೆ.
ಸೈಕಲ್ಲಿನವನೊಬ್ಬ ನನ್ನನ್ನು ದಾಟಿ ಹೋದ, ತಿರುಗಿಯೂ ನೋಡದೆ.
ಈಗ ಆ ಟರ್ಬೊ ಗೇಟು ಬಡಿಯದಂತೆ ಒತ್ತು ಕೊಡುತ್ತದೆ.

ಹೆಡ್ ಮತ್ತೆ ಬಿಚ್ಚಿದೆ.
ಧನುರ್ಮಾಸದ ಮೈಕು ಐದಕ್ಕೆ ಶುರುವಾದರೆ
ಡ್ಯೂಟಿಗೆ ಮುಂಚೆ ಒಂದು ಗಂಟೆ ನನ್ನದು.

ಒಂದು ದಿನ ಒರೆಸಲೆಂದು ಬಿಸಿಲುಪಟ್ಟಿ ಇಳಿಸಿದೆ.
ಹಿಂಬದಿಯಲ್ಲಿ ಬಾಲ್‌ಪೆನ್ನಿನ ಸಾಲು:
ಏರ್‌ಪೋರ್ಟ್ ೬೫೦. ಟೋಲ್ ಕೊಟ್ಟಿಲ್ಲ.
ಮಂಗಳವಾರ ಪಾಪುಗೆ ಶೂ, ೯ ನಂಬರು.
ಮೂಲೆಯಲ್ಲಿ ಒಂದು ಮೊಬೈಲ್ ನಂಬರು,
ಪಕ್ಕದಲ್ಲಿ, ಮಾದಯ್ಯ, ನಾನೇ.
ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು
ನಂಬರು ಒತ್ತಿದೆ. ಎತ್ತಿದರು.

"ಯಾವ ಗಾಡಿ? ನಲವತ್ನಾಲ್ಕು ಹದಿನೇಳಾ? ಇನ್ನೂ ಇದ್ಯಾ?"
ಸ್ವಲ್ಪ ಹೊತ್ತು ಬರೀ ಗಾಳಿ.
"ಇನ್ನೂ ಎಡಕ್ಕೆ ಎಳೀತದಾ?"

ಮೂರು ಸಲ ಅಲೈನ್‌ಮೆಂಟು, ಹೊಸ ಬುಷ್ಷು, ಟೈ ರಾಡು,
ಟೈರು ಅದಲು ಬದಲು.
ಎಳೆಯುತ್ತದೆ ಎಂದೆ.

ನಕ್ಕರು. ಈಗ ಯಲಹಂಕದಲ್ಲಿ ಯಾವುದೋ ಅಪಾರ್ಟ್‌ಮೆಂಟಿನ
ಲಿಫ್ಟು ನೋಡಿಕೊಳ್ಳುತ್ತಾರಂತೆ.
"ಮೇಲೆ, ಕೆಳಗೆ. ಪಕ್ಕಕ್ಕೆ ಎಲ್ಲೂ ಹೋಗಲ್ಲ ತಾಯಿ."
ಬಿಸಿಲುಪಟ್ಟಿ ಒರೆಸದೆ ಮಡಚಿದೆ.

ಸಂಕ್ರಾಂತಿಗೆ ನಾಲ್ಕು ದಿನ. ನಸುಕು.
ಕೀಲಿ ಅರ್ಧ ತಿರುಗಿಸಿದರೆ ಮೀಟರಿನಲ್ಲಿ
ಕಿತ್ತಳೆ ಬಣ್ಣದ ಸುರುಳಿ, ಸಣ್ಣ ಜಿಲೇಬಿ.
ಅದು ಆರುವ ತನಕ ಕಾಯಬೇಕು,
ಚಳಿಯಲ್ಲಿ ಹಳೆಯ ಡೀಸೆಲ್ಲನ್ನು ಗದರಿಸಿ ಎಬ್ಬಿಸಬಾರದು.
ಆರಿತು. ಮೂರನೇ ಸುತ್ತಿಗೆ ಹಿಡಿಯಿತು.
ಬೀದಿಯ ತಟ್ಟೆ ಲೋಟವೆಲ್ಲ ನಡುಗಿ
ಮಹಡಿಯವರು ಕಿಟಕಿ ಹಾಕಿದರು.

ಅಮ್ಮ ಪಕ್ಕದಲ್ಲಿ, ಶಾಲಿನೊಳಗೆ ಅವರೆಯ ವಾಸನೆಯ ಕೈ.
ಮೈಸೂರು ರಸ್ತೆಯಲ್ಲಿ ಮಂಜು, ಮೆಟ್ರೋ ಕಂಬಗಳಿಗೆ ತಲೆ ಇಲ್ಲ.
ಸ್ಟೀರಿಂಗಿನ ಮೇಲೆ ಬಲಗೈ ತಾನೇ ಒಂದಿಷ್ಟು ತಗ್ಗಿತು,
ಎಷ್ಟೋ ವರ್ಷ ಬೇರೊಂದು ತೋಳು ಮಾಡಿದ ಕೆಲಸ.
"ಇಷ್ಟು ಬೇಗ ಎಲ್ಲಿಗೇ?"
ಎಫ್‌ಸಿಗಮ್ಮಾ. ಈಗ ಹೋದರೆ
ಕ್ಯೂನಲ್ಲಿ ಮೊದಲ ಹತ್ತರೊಳಗೆ.