ಎನ್ನಲಾದ

ಜಿನೀವಾದಿಂದ ಬಂದ ಮೂವರಿಗೂ ಮೊದಲು ತಟ್ಟಿದ್ದು ನರಿನ್ ಕಣಿವೆಯ ಚಳಿ.
ಶಾಲೆಯ ಒಲೆಗೆ ಬೆರಣಿ ತುಂಬಿ ಊದುತ್ತಿದ್ದವಳು ನಾನು,
ದುಭಾಷಿ, ದಿನಗೂಲಿಯವಳು.
ಗೋಡೆಯಲ್ಲಿ ಮಗ್ಗಿ, ಮಕ್ಕಳು ಬಿಡಿಸಿದ ಐದು ಕಾಲಿನ ಕುದುರೆ.
ಪುಟ್ಟ ಬೆಂಚಿನಲ್ಲಿ ಮೊಣಕಾಲು ಗದ್ದಕ್ಕೆ ತಾಗಿಸಿ ಕೂತಿದ್ದರು
ದೊಡ್ಡ ದೊಡ್ಡ ತನಿಖಾಧಿಕಾರಿಗಳು.

ಇಷ್ಟು ದೂರ ಬರಲು ಐದು ವರ್ಷ ಹಿಡಿಯಿತು.
ಮೊದಲು ಒಂದು ದೂರು.
ದೂರು ನಂಬಲರ್ಹವೇ ಎಂಬ ಚರ್ಚೆ.
ಸರ್ಕಾರಕ್ಕೆ ಕಾಗದ, ಸರ್ಕಾರದ ಮೌನ,
ಮೌನಕ್ಕೊಂದು ನೆನಪೋಲೆ.
ಕೊನೆಗೆ 'ಬನ್ನಿ' ಎಂಬ ಒಂದು ಸಾಲು, ಅದರಡಿ ಮೂರು ಮೊಹರು.
ಆ ಐದು ವರ್ಷದಲ್ಲಿ ಇಲ್ಲಿ ಎಷ್ಟು ಮದುವೆಯಾದವೋ
ನಾನು ಎಣಿಸಿಲ್ಲ. ಎಣಿಸುವ ಕೆಲಸ ಅವರದು.

ನಿನ್ನೆ ಜಿಲ್ಲಾ ಕಚೇರಿಯಲ್ಲಿ ಸಾಹೇಬ ತಾನೇ ಚಹಾ ಬಗ್ಗಿಸಿದ.
'ಅದು ಸಂಪ್ರದಾಯ, ಅಪರಾಧವಲ್ಲ.
ಅಪರಾಧವೇ ಆದರೆ ಅದಕ್ಕೆ ಕಾನೂನಿದೆ.
ಕಾನೂನಿದ್ದ ಮೇಲೆ ಅಪರಾಧವೆಲ್ಲಿ?'
ಒಂದಕ್ಷರ ಚೆಲ್ಲದೆ ಆಚೆಗೆ ದಾಟಿಸಿದೆ.
ನನ್ನ ವೃತ್ತಿಯೇ ಅದು, ತುಂಬಿದ ಬಟ್ಟಲು, ನಡುಗದ ಕೈ.

ಇವತ್ತು ಬಂದವಳು ಸಾಕ್ಷಿ ಹನ್ನೊಂದು.
ಹೆಸರಿದೆ ಅವಳಿಗೆ. ಅವರು ಬರೆಯುವುದಿಲ್ಲವೆಂದು ಮಾತು ಕೊಟ್ಟರು,
ನಾನೂ ಬರೆಯುವುದಿಲ್ಲ.
ನರ್ಸಿಂಗ್ ಪರೀಕ್ಷೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದೆ, ಅಂದಳು.
ಕಾರು ಬಂತು. ನಾಲ್ವರಿದ್ದರು.
ಒಬ್ಬ, ನಮ್ಮಣ್ಣನ ಜೊತೆ ನಮ್ಮನೆಯಲ್ಲೇ ಉಂಡವನು.

ಅದಕ್ಕೆ ನಮ್ಮಲ್ಲಿ ಎರಡೇ ಪದ: ಹಿಡಿ, ಓಡು.
ಅಂಗಳದ ಕೋಳಿಯನ್ನು ಎತ್ತಿಕೊಂಡು ಹೋದ ಹಾಗೆ.
ಅವರ ಪುಸ್ತಕದಲ್ಲಿ ಅದಕ್ಕೆ ಮೂರು ಸಾಲಿನ ವಾಕ್ಯ,
ಪ್ರತಿಯೊಂದರ ಹಿಂದೆಯೂ ಒಂದು 'ಎನ್ನಲಾದ'.
ಅಪಹರಿಸಿದರು ಎನ್ನಲಾದ ನಾಲ್ವರು,
ಕಾಯುತ್ತಿದ್ದಳು ಎನ್ನಲಾದ ಬಸ್ಸು.
ತಪ್ಪಲ್ಲ, ನ್ಯಾಯಕ್ಕೂ ಕೈಗವಸು ಬೇಕು.
ನಮಗೂ ಇದೆ, ಕ್ರಿಯಾಪದದ ಬಾಲಕ್ಕಂಟುವ ಒಂದು 'ಅಂತೆ',
ಕಣ್ಣಾರೆ ಕಾಣದ್ದಕ್ಕೆ.
ಎರಡು ಗಂಟೆಯಲ್ಲಿ ಒಮ್ಮೆಯೂ ಅವಳು ಅದನ್ನು ಮುಟ್ಟಲಿಲ್ಲ.
ಕೂಗಿದೆ, ಅಂದಳು. ಕಚ್ಚಿದೆ.
ಹೊಸ್ತಿಲಲ್ಲಿ ಮುದುಕಿ ಅಡ್ಡ ಮಲಗಿದ್ದಳು,
ಹಿರಿಯಳನ್ನು ದಾಟಿ ಹೋದವಳಿಗೆ ಶಾಪ, ಹೋಗಲಿಲ್ಲ.
ಅಂತೆ ಇದ್ದದ್ದು ಊರಿನ ಬಾಯಲ್ಲಿ:
ಒಪ್ಪಿದಳಂತೆ.
ತಲೆಗೆ ಬಿಳಿವಸ್ತ್ರ ಹೊದಿಸುವಾಗ ನಗುತ್ತಿದ್ದಳಂತೆ.

ಸಹಿ ಹಾಕುವ ಮುನ್ನ ಕೇಳಿದಳು,
ಇದನ್ನೆಲ್ಲ ಓದಿ ನಿಮ್ಮವರು ಏನು ಮಾಡುತ್ತಾರೆ?
ಸೆನೆಗಾಲಿನ ಅವಾ ಸೆಕ್ ಕನ್ನಡಕ ತೆಗೆದರು.
ವರದಿ, ಅಂದರು. ಸರ್ಕಾರದ ಉತ್ತರಕ್ಕೆ ಆರು ತಿಂಗಳು.
ಆಮೇಲೆ ಶಿಫಾರಸು.
ಶಿಫಾರಸಿಗೆ ನನಗೆ ಸಿಕ್ಕ ಪದ ಒಂದೇ, ಬುದ್ಧಿಮಾತು.
ಬೆಳಗಿನಿಂದ ಮೊದಲ ಸಲ ನಕ್ಕಳು.
'ಬುದ್ಧಿಮಾತು ನನಗೂ ಬೇಕಾದಷ್ಟು ಹೇಳಿದ್ದಾರೆ.'
ಅದನ್ನೂ ದಾಟಿಸಿದೆ. ಅವಾ ನಗಲಿಲ್ಲ, ಬರೆದುಕೊಂಡರು,
ಬರೆದದ್ದರ ಕೆಳಗೆ ಎರಡು ಸಲ ಗೆರೆ ಎಳೆದರು.

ಆಮೇಲೆ ಚೀಲದಿಂದ ಒಂದು ಬಟ್ಟೆ ತೆಗೆದಳು.
ಅದೇ ಬಿಳಿವಸ್ತ್ರ. ಈಗ ಬಿಳಿಯಲ್ಲ.
ಇಪ್ಪತ್ತೆರಡು ವರ್ಷ ಇದರಲ್ಲೇ ಮೊಸರು ಸೋಸಿದ್ದೇನೆ, ಅಂದಳು,
ತಲೆಗೆ ಮತ್ತೆ ಸುತ್ತಲಿಲ್ಲ.
ಗಂಟು ಬಿಚ್ಚಿದರೆ ಒಳಗೆ ಏಳು ಉಂಡೆ,
ಒಣಗಿದ ಉಪ್ಪುಮೊಸರು, ಕಲ್ಲಿನಷ್ಟು ಗಟ್ಟಿ.

ಬಟ್ಟೆಯ ಫೋಟೋ ತೆಗೆದರು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು.
ಉಂಡೆ ಸ್ವೀಕರಿಸಲು ನಿಯಮವಿಲ್ಲ,
ಸಾಕ್ಷಿಯ ಕೈಯಿಂದ ಏನನ್ನೂ.
ಅವಾ ಎದೆಗೆ ಕೈಯೊತ್ತಿ ಕ್ಷಮೆ ಕೇಳಿದರು.
ಅದಕ್ಕೆ ಅನುವಾದ ಬೇಕಾಗಲಿಲ್ಲ.

ಅವಳು ಏಳನ್ನೂ ಮೇಜಿನ ಮೇಲೆ ಬಿಟ್ಟು ಹೋದಳು.

ಸಂಜೆ, ಜೀಪು ಹೊರಟ ಮೇಲೆ,
ದಿನಗೂಲಿಯವಳಿಗೆ ಯಾವ ನಿಯಮ ಎಂದುಕೊಂಡು
ಒಂದನ್ನು ಬಾಯಿಗಿಟ್ಟೆ.
ಬಹಳ ಹೊತ್ತು ಕರಗಲಿಲ್ಲ.
ಉಪ್ಪು. ಹುಳಿ.
ಎನ್ನಲಾದದ್ದಲ್ಲ.