ಸೀಟಿನ ಕೆಳಗೆ

ಓಮ್ನಿಯ ಎಂಜಿನ್ ಇರುವುದು ಮುಂದಲ್ಲ, ಹಿಂದಲ್ಲ,
ನನ್ನ ಸೀಟಿನ ಕೆಳಗೇ.
ಹನ್ನೊಂದು ವರ್ಷ ಅದರ ಬಿಸಿಯ ಮೇಲೆ ಕೂತು
ಕಾತ್ರಜದಿಂದ ಬಿಬವೇವಾಡಿಗೆ
ಮಂದಿಯ ಮಕ್ಕಳನ್ನು ಶಾಲೆ ಮುಟ್ಟಿಸಿದ್ದೇನೆ.
ಮೊಟ್ಟೆಯ ಮೇಲೆ ಕೂತ ಕೋಳಿ ನೀವು, ಅನ್ನುತ್ತಾನೆ
ಮೂರನೇ ಕ್ಲಾಸಿನ ಇಶಾನ ಬೋರ್ಕೆ.
ಅವನಿಗೆ ಎಲ್ಲದಕ್ಕೂ ಒಂದು ಹೋಲಿಕೆ ಬೇಕು.

ದೀಪಾವಳಿ ಸೂಟಿ. ವ್ಯಾನು ಖಾಲಿ.
ನಾನಾ ಪೇಟೆಯಲ್ಲಿ, ಬೇರಿಂಗು ಬ್ರೇಕುಗಳ ಗಲ್ಲಿಯಲ್ಲಿ,
ಆಯಿಲ್ ಅಂಗಡಿಯ ಹುಡುಗ
ಬಂಗಾರದ ಬಣ್ಣದ ಡಬ್ಬಿ ಎದುರಿಗಿಟ್ಟ:
ಜೀರೋ ಡಬ್ಲ್ಯೂ ಟ್ವೆಂಟಿ, ಫುಲ್ ಸಿಂಥೆಟಿಕ್, ಮಾವಶಿ,
ನೀರಿನ ಹಾಗೆ ಓಡುತ್ತದೆ, ಹೊಸ ಗಾಡಿಗೆಲ್ಲ ಇದೇ.
ಡಬ್ಲ್ಯೂ ಅಂದರೇನಪ್ಪ ಎಂದೆ.
ವಿಂಟರ್, ಅಂದವನು ಹಣೆಯ ಬೆವರು ಒರೆಸಿಕೊಂಡ.
ಬೆಲೆ ಕೇಳಿ ನಾನೂ ಒರೆಸಿಕೊಂಡೆ.

ಅಗ್ಗದ್ದೂ ಇತ್ತು, ಮೂಲೆಯಲ್ಲಿ.
ಮುಚ್ಚಳದ ಸೀಲು ಒಂಚೂರು ಸೊಟ್ಟ,
ಹಳೇ ಲೇಬಲ್ಲಿನ ಮೇಲೆ ಹೊಸ ಲೇಬಲ್ಲು:
ಪೌಡರು ಹೆಚ್ಚಾದ ಎರಡನೇ ಸಂಬಂಧದ ಮದುಮಗ.
(ಇಶಾನನ ಚಾಳಿ ನನಗೂ ಅಂಟಿದೆ.)

ಎರಡನ್ನೂ ಬಿಟ್ಟು ಗುಲ್ಟೇಕಡಿಗೆ ಬಂದೆ,
ದಸ್ತಗೀರ ಮಾಮಾನ ಗ್ಯಾರೇಜಿಗೆ.
ಇಂಡಿ ಕಡೆಯವನು. ನಲವತ್ತು ವರ್ಷದ ಪುಣೆ
ಅವನ ಕನ್ನಡಕ್ಕೆ ಗ್ರೀಸ್ ಹಚ್ಚಿದೆ, ತುಕ್ಕು ಹಿಡಿಸಿಲ್ಲ.
ಡಬ್ಬಿಯ ಮಾತೇ ಎತ್ತಲಿಲ್ಲ.
ಪಕ್ಕದ ಸೀಟು ಮಗುಚಿ, ಚಾಲೂ ಮಾಡವಾ ಅಂದ.
ಉದ್ದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ.
ಗಲ್ಲಿಯಲ್ಲಿ ಪಟಾಕಿ ಹೊಡೆಯಿತು. ನಾನು ಬೆಚ್ಚಿದೆ,
ಅವನು ಕಣ್ಣು ತೆರೆಯಲಿಲ್ಲ.

ಬಂದ್ ಮಾಡಿಸಿ, ಅರ್ಧ ಕಪ್ಪು ಚಹಾ ಕುಡಿದಾದ ಮೇಲೆ
ಅಳತೆಕಡ್ಡಿ ಎಳೆದ, ಒರೆಸಿ ಅದ್ದಿ ಮತ್ತೆ ಎಳೆದ.
ಕರಿ ಹನಿಯನ್ನು ಎರಡು ಬೆರಳಲ್ಲಿ ತಿಕ್ಕಿ, ಅಗಲಿಸಿ,
ಉಂಡೆಯ ಪಾಕ ನೋಡುವವಳ ಹಾಗೆ
ಎಳೆ ನೋಡಿದ.

ಎಷ್ಟ್ ಓಡೇದ?
ಒಂದು ಲಕ್ಷ ಎಂಬತ್ತಾರು ಸಾವಿರ.
ಹಂಗಾರ ಒಳಗ ಸಂದು ಬಿದ್ದಾವ.
ತೆಳ್ಳಂದು ಹಾಕಿದ್ರ ಸಂದಿನ್ಯಾಗ ನುಸುಳಿ
ಸುಟ್ಟು ಹೊಗಿ ಆಕ್ಕೈತಿ.
ಭಾಳ ದಪ್ಪಂದು ಹಾಕಿದ್ರ, ಮುಂಜಾನೆ ಅದು ಮ್ಯಾಲ ಏರೂದ್ರಾಗ
ಒಣಾ ಕಬ್ಬಿಣ ಕಬ್ಬಿಣಾನ ತಿಂತೈತಿ.
ಟ್ವೆಂಟಿ ಡಬ್ಲ್ಯೂ ಫಾರ್ಟಿ. ಸಾಕು.
ತುಟ್ಟಿದು ಬ್ಯಾಡ, ಕಳ್ಳಂದೂ ಬ್ಯಾಡ,
ಅದರ ವಯಸ್ಸಿಗೆ ಒಪ್ಪೂದು ಹಾಕು.

ನನಗೆ ಐವತ್ತೊಂದು. ಬೆಳಗಿನ ಐದೂವರೆಗೆ
ಮೊಣಕಾಲು ಮೊದಲು ಒಲ್ಲೆ ಅನ್ನುತ್ತದೆ, ಆಮೇಲೆ ಹೂಂ ಅನ್ನುತ್ತದೆ.
ಅವನಿಗೆ ಹೇಳಲಿಲ್ಲ.

ಕೆಳಗಿನ ಬೋಲ್ಟು ಬಿಚ್ಚಿದಾಗ
ಐದು ಸಾವಿರ ಕಿಲೋಮೀಟರು ಕಪ್ಪಗೆ ಇಳಿಯಿತು ಬೋಗುಣಿಗೆ:
ಸಿಗ್ನಲ್ಲುಗಳಲ್ಲಿ ಸುಮ್ಮನೆ ಉರಿದ ಗಂಟೆಗಳು,
ಮರೆತ ಟಿಫಿನ್ನಿಗಾಗಿ ತಿರುಗಿ ಹೋದ ಒಂದೂವರೆ ಕಿಲೋಮೀಟರು,
ವಾಂತಿ ಮಾಡಿಕೊಂಡ ಅವಳಿ ಹುಡುಗಿಯರು,
ಯಾರೂ ಇಲ್ಲದ ಹಿಂದಿನ ಸೀಟುಗಳೊಂದಿಗೆ
ನಾನು ಜಗಳವಾಡುತ್ತ ಬಂದ ಒಂದು ಮಧ್ಯಾಹ್ನ.
ಹೊಸದು ಕುಸುಬಿ ಎಣ್ಣೆಯ ಬಣ್ಣದ್ದು.
ಮೂರು ಲೀಟರಿಗೆ ಒಂಚೂರು ಕಡಿಮೆ ಕುಡಿದು ಸಾಕೆಂದಿತು.

ಆಮೇಲೆ ಮಾಮಾ ಖಾಲಿ ಡಬ್ಬಿಗಳನ್ನು ನೆಲಕ್ಕಿಟ್ಟು
ಒಂದೊಂದಕ್ಕೂ ಮೊಳೆ ಹೊಡೆದ, ಮೂರು ಮೂರು ತೂತು.
ಇಡೀ ಡಬ್ಬಿಗೆ ಭಂಗಾರದಾಂವ ಇಪ್ಪತ್ತು ರೂಪಾಯಿ ಕೊಡ್ತಾನ,
ತೂತಿಂದಕ್ಕ ಎರಡೂ ಇಲ್ಲ.
ಹಂಗಾರ ಯಾಕ ಹೊಡೀತಿ?
ಅವ ಸುಮ್ಮನೇ ಕೊಡ್ತಾನೇನ ಇಪ್ಪತ್ತು?

ಸೊಟ್ಟ ಸೀಲು ನೆನಪಾಯಿತು.
ಪುಣೆಯಲ್ಲಿ ಭಂಗಾರವೆಂದರೆ ಗುಜರಿ. ನಮ್ಮ ಬಂಗಾರಕ್ಕೆ
ಒಂದು ಉಸಿರು ಹೆಚ್ಚಾದರೆ ಮುಗಿಯಿತು.

ಕತ್ತಲಾಗಿತ್ತು. ಹತ್ತಿ ಕೂತೆ, ಸೀಟು ತಣ್ಣಗಿತ್ತು.
ಸ್ವಾರಗೇಟಿನ ಸಿಗ್ನಲ್ಲಿಗೆ ಬಿಸಿ ಮೆಲ್ಲಗೆ ತಟ್ಟಿತು.
ಸೋಮವಾರ ಇಶಾನನಿಗೆ ಹೇಳಬೇಕು,
ಮೊಟ್ಟೆ ಇನ್ನೂ ಒಡೆದಿಲ್ಲ ಅಂತ.